ಕಾರ್ ಶೋನಲ್ಲಿ ಫೋಟೋ ಮಾರಾಟ: ಯಾವ ಸೈಜು, ಎಷ್ಟು ಬೆಲೆ?

ಪ್ರಶ್ನೆ: ನಾವು ಮಿಶಿಗನ್‌ನ ನೋವೈನಲ್ಲಿ ಇದ್ದೇವೆ. ಯಜಮಾನರು ಎಚ್-1ಬಿ ವೀಸಾದಲ್ಲಿ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ನನಗೆ ಎಚ್-4 ಇಎಡಿ, ಅಂದರೆ ಎಚ್-1ಬಿಯವರ ಸಂಗಾತಿಗೆ ಸಿಗುವ ಕೆಲಸದ ಪರವಾನಗಿ ಕಾರ್ಡ್ ಇದೆ. ಇಲ್ಲಿನ ಹಳೇ ಕಾರುಗಳ ಶೋಗಳಿಗೆ ಹೋಗಿ ಫೋಟೋ ತೆಗೆಯುವ ಹುಚ್ಚು ಹತ್ತಿದೆ. 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಕ್ಯಾಮೆರಾ. ಮುಂದಿನ ಬೇಸಿಗೆಯಲ್ಲಿ ಒಂದು ಸ್ಟಾಲ್ ಹಾಕಿ ಪ್ರಿಂಟ್ ಮಾರೋಣ ಅಂತಿದ್ದೇನೆ. ಯಾವ ಸೈಜು ಮಾಡಿಸಲಿ, ಎಷ್ಟು ಬೆಲೆ ಇಡಲಿ? ಸ್ನೇಹಿತೆಯೊಬ್ಬಳು, ‘ಎಲ್ಲಾ 8×10 ಇಂಚು ಮಾಡಿಸು, ಹತ್ತು ಡಾಲರಿಗೆ ಕೊಡು, ಬೇಗ ಖಾಲಿಯಾಗುತ್ತೆ’ ಅನ್ನುತ್ತಾಳೆ. ಇನ್ನೊಂದು ಅನುಮಾನ. ಬೆಂಗಳೂರಿನಲ್ಲೇ ಪ್ರಿಂಟ್ ಹಾಕಿಸಿ ಸೂಟ್‌ಕೇಸಿನಲ್ಲಿ ತಂದರೆ ಅಗ್ಗ ಆಗಲ್ವಾ?

ಉತ್ತರ: ನಿಮ್ಮ ಸ್ನೇಹಿತೆ ಹೇಳಿದಂತೆ ಮಾಡಿದರೆ ಪ್ರಿಂಟ್ ಖಾಲಿಯಾಗುತ್ತದೆ, ಜೊತೆಗೆ ಪರ್ಸೂ ಖಾಲಿಯಾಗುತ್ತದೆ. ಅದರ ಲೆಕ್ಕ ಆಮೇಲೆ ಹಾಕೋಣ. ಅದಕ್ಕಿಂತ ಮೊದಲು ನಿಮ್ಮ ಸ್ಟಾಲಿಗೆ ಬರುವವರು ಯಾರು ಅನ್ನೋದು ಗೊತ್ತಿರಬೇಕು. ಸೈಜು, ಬೆಲೆ ಎರಡೂ ಅಲ್ಲಿಂದಲೇ ಹುಟ್ಟುತ್ತವೆ.

ಮೊದಲನೆಯವರು ಕಾರಿನ ಮಾಲೀಕರು. ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಕೂತು, ಬೋಲ್ಟು ಬೋಲ್ಟೂ ಹುಡುಕಿ ತಂದು ಕಾರು ಕಟ್ಟಿರುತ್ತಾರೆ. ಇವರಿಗೆ ಬೇಕಾದದ್ದು ತಮ್ಮ ಕಾರಿನ ಫೋಟೋ ಮಾತ್ರ. ಪಕ್ಕದಲ್ಲಿ ಅದೇ ವರ್ಷದ, ಅದೇ ಬಣ್ಣದ ಇನ್ನೊಂದು ಕಾರು ಇದ್ದರೂ ಅದರ ಫೋಟೋ ಇವರಿಗೆ ಬೇಡ. ಎರಡನೆಯವರು ನೋಡಲು ಬಂದವರು. ‘ನಮ್ಮಪ್ಪನ ಹತ್ರ ಇದೇ ಕಾರಿತ್ತು’ ಅಂತ ನಿಲ್ಲುತ್ತಾರೆ. ಇವರಿಗೆ ಯಾರ ಕಾರಾದರೂ ಸರಿ, ಮಾಡೆಲ್ಲೂ ಬಣ್ಣವೂ ಹೊಂದಬೇಕು. ಮಿಶಿಗನ್‌ನಲ್ಲಿ ಮೂರನೆಯವರೂ ಸಿಗುತ್ತಾರೆ: ಆ ಕಾರುಗಳನ್ನು ಕಾರ್ಖಾನೆಯಲ್ಲಿ ಕೈಯಾರೆ ಕಟ್ಟಿ ಈಗ ನಿವೃತ್ತರಾದವರು. ಡಿಯರ್‌ಬಾರ್ನ್‌ನ ಫೋರ್ಡ್ ಕಾರ್ಖಾನೆಯಲ್ಲಿ 1964ರಿಂದ 2004ರವರೆಗೂ ಮಸ್ಟಾಂಗ್ ತಯಾರಾಗುತ್ತಿತ್ತು. ಅಲ್ಲಿ ದುಡಿದವರು, ಅವರ ಮಕ್ಕಳು ಈ ಶೋಗಳಿಗೆ ಕುರ್ಚಿ ಹೊತ್ತುಕೊಂಡು ಬರುತ್ತಾರೆ.

ಮಾಲೀಕರು ಜಾಸ್ತಿ ಕೊಡುತ್ತಾರೆ, ಆದರೆ ಒಂದು ಫೋಟೋ ಒಬ್ಬರಿಗೇ ಮಾರಾಟ. ನೋಡಲು ಬಂದವರು ಕಡಿಮೆ ಕೊಡುತ್ತಾರೆ, ಆದರೆ ಒಂದೇ ಫೋಟೋ ಹತ್ತು ಜನರಿಗೆ ಹೋಗುತ್ತದೆ. ಹಾಗಾಗಿ ಇಬ್ಬರಿಗೂ ಒಂದೇ ರೇಟ್ ಬೋರ್ಡ್ ಇಡಬೇಡಿ. ನೀವು ಮೊದಲು ತಲೆಯಲ್ಲಿ ಕೂರಿಸಿಕೊಳ್ಳಬೇಕಾದ್ದು ಇದು.

ಈಗ ಸೈಜಿನ ವಿಷಯ. ನಿಮ್ಮ ಕ್ಯಾಮೆರಾದ ಚಿತ್ರ 6000×4000 ಪಿಕ್ಸೆಲ್, ಅಂದರೆ 3:2 ಅನುಪಾತ. ಇದು 8×12, 12×18, 16×24ಕ್ಕೆ ಸರಿಯಾಗಿ ಕೂರುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಫ್ರೇಮುಗಳೋ 8×10, 11×14, 16×20. ತೊಂದರೆ ಶುರುವಾಗುವುದೇ ಇಲ್ಲಿ. 8×12 ಚಿತ್ರವನ್ನು 8×10ಕ್ಕೆ ಇಳಿಸಿದರೆ ಉದ್ದದಲ್ಲಿ ಎರಡು ಇಂಚು, ಅಂದರೆ ಆರನೇ ಒಂದು ಭಾಗ ಹೋಗುತ್ತದೆ. ಮನುಷ್ಯರ ಫೋಟೋದಲ್ಲಿ ಎರಡು ಇಂಚು ಗೋಡೆ ಹೋದರೆ ಯಾರೂ ಕೇಳುವುದಿಲ್ಲ. ಕಾರಿನಲ್ಲಿ ಹಾಗಲ್ಲ. 1959ರ ಕ್ಯಾಡಿಲಾಕ್ ತೆಗೆದುಕೊಳ್ಳಿ. ಉದ್ದ 225 ಇಂಚು, ಎತ್ತರ 55 ಇಂಚಿನ ಆಸುಪಾಸು. ಪಕ್ಕದಿಂದ ಫ್ರೇಮ್ ತುಂಬ ತೆಗೆದಿದ್ದರೆ, 8×10 ಮಾಡುವಾಗ ಮೂರಡಿಗಿಂತ ಜಾಸ್ತಿ ಕಾರು ಕತ್ತರಿಗೆ ಹೋಗುತ್ತದೆ. ಆ ಮೂರಡಿಯಲ್ಲೇ ಇರುವುದು ಹಿಂದಿನ ರೆಕ್ಕೆ ಮತ್ತು ಬುಲೆಟ್ ಆಕಾರದ ಕೆಂಪು ಲೈಟು. ಆ ಕಾರನ್ನು ಜನ ನೋಡುವುದೇ ಅದಕ್ಕೆ.

ಇದಕ್ಕೆ ನನ್ನ ಹತ್ತಿರ ಒಂದು ಸುಲಭದ ದಾರಿ ಇದೆ. ಚಿತ್ರ ಕತ್ತರಿಸಬೇಡಿ, ಕಾಗದ ದೊಡ್ಡದು ತೆಗೆದುಕೊಳ್ಳಿ. 6×9 ಇಂಚಿನ ಚಿತ್ರವನ್ನು 8×10 ಹಾಳೆಯ ಮೇಲೆ ಪ್ರಿಂಟ್ ಮಾಡಿಸಿ. ಎಡಬಲಕ್ಕೆ ಅರ್ಧ ಇಂಚು, ಮೇಲೆ ಕೆಳಗೆ ಒಂದೊಂದು ಇಂಚು ಬಿಳಿ ಅಂಚು ಬರುತ್ತದೆ. 8×12 ಚಿತ್ರ 11×14 ಹಾಳೆಯ ಮೇಲೆ: ಎಡಬಲಕ್ಕೆ ಒಂದು ಇಂಚು, ಮೇಲೆ ಕೆಳಗೆ ಒಂದೂವರೆ. 12×18 ಚಿತ್ರ 16×20 ಹಾಳೆಯ ಮೇಲೆ: ಎಡಬಲಕ್ಕೆ ಒಂದು, ಮೇಲೆ ಕೆಳಗೆ ಎರಡು. ಫ್ರೇಮಿನೊಳಗೆ ಚಿತ್ರದ ಸುತ್ತ ಇಡುವ ರಟ್ಟಿನ ಅಂಚಿಗೆ ಮ್ಯಾಟ್ ಅಂತಾರೆ, ಈ ಬಿಳಿ ಅಂಚೇ ಅದರ ಕೆಲಸ ಮಾಡುತ್ತದೆ. ಗಿರಾಕಿ ಮನೆಗೆ ಹೋಗುವ ದಾರಿಯಲ್ಲಿ ಯಾವುದಾದರೂ ಅಂಗಡಿಗೆ ನುಗ್ಗಿ ಒಂದು ರೆಡಿ ಫ್ರೇಮ್ ತಗೊಂಡರೆ ಆಯಿತು, ಅಳತೆ ಕೊಟ್ಟು ಮಾಡಿಸುವ ಗೋಜಿಲ್ಲ. ಕಸ್ಟಮ್ ಫ್ರೇಮಿನ ಖರ್ಚು ಪ್ರಿಂಟಿಗಿಂತ ಎಷ್ಟೋ ಪಾಲು ಹೆಚ್ಚು ಆಗುತ್ತದೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ‘ಇದಕ್ಕೆ ಫ್ರೇಮ್ ಎಲ್ಲಿ ಸಿಗುತ್ತೆ?’ ಅಂತ ಕೇಳಿದಾಗ ನೀವು ಒಂದು ಕ್ಷಣ ತಡವರಿಸಿದರೂ ಪ್ರಿಂಟ್ ವಾಪಸ್ ಬಾಕ್ಸಿಗೆ ಹೋಯಿತು ಅಂತಲೇ ಲೆಕ್ಕ. ಪ್ರತಿ ಪ್ರಿಂಟಿನ ಹಿಂದೆ ಒಂದು ಸಣ್ಣ ಚೀಟಿ ಅಂಟಿಸಿ: ‘11×14 ಫ್ರೇಮಿಗೆ ನೇರ ಕೂರುತ್ತದೆ.’ ಚೀಟಿ ಇಂಗ್ಲಿಷಿನಲ್ಲೇ ಇರಲಿ, ಕೊಳ್ಳುವವರು ಅವರು ತಾನೇ.

ಹಾಗಂತ 8×10 ಪೂರಾ ತುಂಬುವ ಚಿತ್ರವೇ ಬೇಡ ಅಂತಲ್ಲ. ಬಾನೆಟ್ ಮೇಲಿನ ಲೋಹದ ಗೊಂಬೆ, ಒಂದೇ ಹೆಡ್‌ಲೈಟು, ಸ್ಟೀರಿಂಗ್, ಗ್ರಿಲ್, ಹಿಂದಿನ ರೆಕ್ಕೆಯ ತುದಿ ಇಂಥ ಬಿಡಿ ಭಾಗಗಳಿಗೆ 8×10 ಹೇಳಿ ಮಾಡಿಸಿದ ಸೈಜು. ಇವನ್ನು ಹೇಗೆ ಕತ್ತರಿಸಿದರೂ ನಡೆಯುತ್ತದೆ. ಮುಕ್ಕಾಲು ನೋಟಕ್ಕೆ, ಅಂದರೆ ಮುಂಭಾಗವೂ ಒಂದು ಪಕ್ಕವೂ ಕಾಣುವ ಹಾಗೆ ತೆಗೆದದ್ದಕ್ಕೆ, 3:2 ಸರಿ. ನೇರ ಪಕ್ಕದಿಂದ ತೆಗೆದದ್ದು ಇನ್ನೂ ಉದ್ದ ಕೇಳುತ್ತದೆ. 1965ರ ಮಸ್ಟಾಂಗಿನ ಉದ್ದ ಸುಮಾರು 181 ಇಂಚು, ಎತ್ತರ 51. ಮೂರೂವರೆಗೆ ಒಂದು. ಅದನ್ನು 8×12ರಲ್ಲಿ ಹಾಕಿದರೆ ಕಾರು ಮೂರು ಇಂಚು ಎತ್ತರ, ಉಳಿದದ್ದೆಲ್ಲ ರಸ್ತೆ ಮತ್ತು ಆಕಾಶ. ಅಂಥವನ್ನು 8×24 ಅಥವಾ 12×36 ಅಂತ ಉದ್ದಕ್ಕೆ ಕತ್ತರಿಸಿ ಒಂದೇ ಒಂದು ಸ್ಯಾಂಪಲ್ ಟೆಂಟಿನ ಹಿಂದಿನ ಗೋಡೆಗೆ ನೇತುಹಾಕಿ. ನಮ್ಮ ಕಡೆ ಮದುವೆ ಆಲ್ಬಂ ಬಿಚ್ಚಿಟ್ಟರೆ 12×36 ಅಂತೀವಲ್ಲ, ಅದೇ ಅಳತೆ. 6000 ಪಿಕ್ಸೆಲನ್ನು 36 ಇಂಚಿಗೆ ಹರಡಿದರೆ ಇಂಚಿಗೆ 167 ಬರುತ್ತದೆ. ನಾಲ್ಕಡಿ ದೂರ ನಿಂತು ನೋಡುವ ಚಿತ್ರಕ್ಕೆ ಅಷ್ಟು ಸಾಕು. ಫೋಕಸ್ ಮಾತ್ರ ಪಕ್ಕಾ ಇರಬೇಕು. ಕೈಯಲ್ಲಿ ಹಿಡಿದು ನೋಡುವ 8×12 ತನಕದ್ದಕ್ಕೆ ಇಂಚಿಗೆ 300 ಇರಲಿ, ನಿಮ್ಮ ಕ್ಯಾಮೆರಾದಲ್ಲಿ ಅದು ಧಾರಾಳವಾಗಿ ಇದೆ.

ಫೋಟೋ ತೆಗೆಯುವಾಗಲೇ ಇದೆಲ್ಲ ನೆನಪಿರಲಿ. ಕಾರಿನ ಮುಂದೂ ಹಿಂದೂ ಅರ್ಧ ಕಾರಿನಷ್ಟಾದರೂ ಜಾಗ ಬಿಡಿ. ಶೋ ನಡೆಯುವಾಗ ಎಲ್ಲರೂ ಬಾನೆಟ್ ಎತ್ತಿಟ್ಟಿರುತ್ತಾರೆ, ಗಾಜಿನ ಮೇಲೆ ಬೋರ್ಡ್ ಇರುತ್ತದೆ, ಪಕ್ಕದಲ್ಲಿ ಮಡಚುವ ಕುರ್ಚಿ, ಐಸ್ ಬಾಕ್ಸು. ಇಂಥ ಫೋಟೋ ಮಾಲೀಕರಿಗೂ ಬೇಡ, ಉಳಿದವರಿಗೂ ಬೇಡ. ಬೆಳಗ್ಗೆ ಕಾರುಗಳು ಒಳಗೆ ಬರುವ ಹೊತ್ತಿಗೆ ಗೇಟಿನ ಹತ್ತಿರ ಇರಿ. ಸಂಜೆ ಹೊರಡುವಾಗ ಇನ್ನೊಂದು ಅವಕಾಶ. ನಂಬರ್ ಪ್ಲೇಟ್ ವಿಷಯದಲ್ಲಿ ಮಿಶಿಗನ್ ನಿಮ್ಮ ಪಾಲಿಗೆ ಒಳ್ಳೆಯ ರಾಜ್ಯ. ಇಲ್ಲಿ ಹಿಂದೆ ಮಾತ್ರ ಪ್ಲೇಟು, ಮುಂಭಾಗ ಬೋಳು. ನಾಲ್ಕು ಜನರಿಗೆ ಮಾರುವ ಚಿತ್ರದಲ್ಲಿ ಹಿಂದಿನ ಪ್ಲೇಟ್ ಅಳಿಸಿಬಿಡಿ. ಮಾಲೀಕರಿಗೆ ಕೊಡುವುದರಲ್ಲಿ ಮಾತ್ರ ಅಳಿಸಲೇಬೇಡಿ. ಆ ನಂಬರಿಗೇ ಅವರು ದುಡ್ಡು ಕೊಟ್ಟಿರಬಹುದು.

ಬೆಲೆಗೆ ಬರೋಣ. ಹತ್ತು ಡಾಲರಿನ ಲೆಕ್ಕ ಮೊದಲು. ಉದಾಹರಣೆಗೆ 8×10 ಹಾಳೆಗೆ ಲ್ಯಾಬಿನಲ್ಲಿ ಸಾಗಾಟವೂ ಸೇರಿ 4 ಡಾಲರ್ ಬಿತ್ತು ಅನ್ನಿ. ಹಿಂದೆ ಇಡುವ ರಟ್ಟು, ಪಾರದರ್ಶಕ ಕವರ್ ಒಂದೂವರೆ. ಮೂಲೆ ಮುದುಡಿದ್ದು, ಬೆರಳಚ್ಚು ಬಿದ್ದದ್ದು ಅಂತ ಹಾಳಾಗುವುದಕ್ಕೆ ಪ್ರತಿ ಪ್ರಿಂಟಿನ ಮೇಲೆ 70 ಸೆಂಟ್ಸ್ ಹಾಕಿಕೊಳ್ಳಿ. ಅಸಲು 6 ಡಾಲರ್ 20 ಸೆಂಟ್ಸ್ ಆಯಿತು. ಮಿಶಿಗನ್‌ನಲ್ಲಿ ಮಾರಾಟ ತೆರಿಗೆ 6 ಶೇಕಡಾ. ತೆರಿಗೆ ಸೇರಿಸಿ ಹತ್ತು ಡಾಲರ್ ಅಂದರೆ ಅದರಲ್ಲಿ 57 ಸೆಂಟ್ಸ್ ಸರ್ಕಾರದ್ದು. ಕಾರ್ಡ್ ಉಜ್ಜಿದರೆ ಇನ್ನೊಂದು 40 ಸೆಂಟ್ಸ್. ನಿಮಗೆ ಉಳಿದದ್ದು 2 ಡಾಲರ್ 83 ಸೆಂಟ್ಸ್. ಸ್ಟಾಲಿನ ಬಾಡಿಗೆ 75, ಪೆಟ್ರೋಲು ಊಟ 25 ಅಂತ ಇಟ್ಟುಕೊಂಡರೆ, ಆ ನೂರು ಡಾಲರ್ ಎತ್ತಲಿಕ್ಕೇ ಮೂವತ್ತೈದಕ್ಕಿಂತ ಜಾಸ್ತಿ ಪ್ರಿಂಟ್ ಹೋಗಬೇಕು. ನಿಮ್ಮ ದುಡಿಮೆಗೆ ಇನ್ನೂ ಒಂದು ಪೈಸೆ ಬಂದಿಲ್ಲ.

ಅದೇ ಪ್ರಿಂಟನ್ನು ಇಪ್ಪತ್ತಕ್ಕೆ ಮಾರಿ. ತೆರಿಗೆ 1 ಡಾಲರ್ 13, ಕಾರ್ಡಿಗೆ 70 ಸೆಂಟ್ಸ್ ಹೋದರೆ ಹತ್ತಿರ ಹತ್ತಿರ 12 ಡಾಲರ್ ಉಳಿಯುತ್ತದೆ. ಒಂಬತ್ತನೇ ಪ್ರಿಂಟಿಗೆ ನೂರು ಡಾಲರ್ ತೀರಿತು. ಬೆಲೆ ಎರಡು ಪಟ್ಟು ಆಯಿತು, ಉಳಿಯುವ ದುಡ್ಡು ನಾಲ್ಕು ಪಟ್ಟು ಆಯಿತು. ಹತ್ತಕ್ಕೆ ನಾಲ್ಕು ಜನ ಕೊಳ್ಳುವ ಕಡೆ ಇಪ್ಪತ್ತಕ್ಕೆ ಒಬ್ಬರೇ ಕೊಂಡರೂ ಅಷ್ಟೇ ಸಂಪಾದನೆ. ಹಾಗಂತ ಇಪ್ಪತ್ತಕ್ಕೆ ಅಷ್ಟು ಕಡಿಮೆ ಜನರೂ ಆಗುವುದಿಲ್ಲ. ಅಪ್ಪನ ಕಾರನ್ನು ನೆನೆಸಿಕೊಂಡು ನಿಂತವರು ಹತ್ತು ಡಾಲರ್ ಹೆಚ್ಚಾಯಿತು ಅಂತ ಮುಂದೆ ಹೋಗುವುದಿಲ್ಲ. ಅಮೆರಿಕದ ಎಟಿಎಂನಿಂದ ಬರುವುದೂ ಇಪ್ಪತ್ತರ ನೋಟೇ. ಚಿಲ್ಲರೆ ಇಲ್ಲದೆ ವ್ಯವಹಾರ ಮುಗಿಯುತ್ತದೆ. 19.99 ಅಂತೆಲ್ಲ ಬರೆಯಬೇಡಿ. ಹುಲ್ಲಿನ ಮೇಲೆ ಬಿದ್ದ ಒಂದು ಸೆಂಟ್ ಯಾರು ಹುಡುಕುತ್ತಾರೆ? ಬೋರ್ಡಿನಲ್ಲಿ ‘ತೆರಿಗೆ ಸೇರಿದೆ’ ಅಂತ ಮಾತ್ರ ತಪ್ಪದೆ ಬರೆಯಿರಿ.

ಇಷ್ಟಕ್ಕೇ ನಿಲ್ಲಬೇಡಿ. ಶೋ ದಿನ ಏಳು ಗಂಟೆ, ಫೋಟೋ ತೆಗೆದು ಸರಿಮಾಡಿ ಕವರಿಗೆ ಹಾಕಲು ಎಂಟು ಗಂಟೆ ಹೋಯಿತು ಅಂತಿಟ್ಟುಕೊಳ್ಳಿ. ಗಂಟೆಗೆ 20 ಡಾಲರ್ ಬೇಕು ಅಂದರೂ 300 ಆಯಿತು. ಬರೀ ಇಪ್ಪತ್ತರ ಪ್ರಿಂಟಿನಿಂದ ಒಟ್ಟು 400 ಎತ್ತಲು ಮೂವತ್ತನಾಲ್ಕು ಮಾರಬೇಕು. ಹೊಸ ಸ್ಟಾಲಿಗೆ ಒಂದೇ ದಿನದಲ್ಲಿ ಅದು ಕಷ್ಟ. ಅದಕ್ಕೇ ದೊಡ್ಡವು ಬೇಕು. 16×20 ಹಾಳೆಗೆ 75 ಇಟ್ಟು, ಅಸಲು ತೆರಿಗೆ ಎಲ್ಲ ಕಳೆದು 48 ಉಳಿದರೆ, ಒಂದೇ ಗಿರಾಕಿಯಿಂದ ನಾಲ್ಕು ಸಣ್ಣ ಪ್ರಿಂಟಿನ ಲಾಭ.

ನಾನಾಗಿದ್ದರೆ ನೋಡಲು ಬಂದವರಿಗಾಗಿ ಹೀಗೆ ಇಡುತ್ತೇನೆ: 8×10 ಹಾಳೆ 20 ಡಾಲರ್, 11×14 ಹಾಳೆ 40, 16×20 ಹಾಳೆ 75. ಕೆಳಗೆ ಮಕ್ಕಳಿಗೂ ಸುಮ್ನೆ ಏನಾದರೂ ತಗೊಳ್ಳೋಣ ಅನ್ನುವವರಿಗೂ 5 ಡಾಲರಿನ ಗ್ರೀಟಿಂಗ್ ಕಾರ್ಡ್. ಬೋಣಿ ಸಾಮಾನ್ಯವಾಗಿ ಕಾರ್ಡಿನಿಂದಲೇ ಆಗುತ್ತದೆ. ಮೇಲೆ, ಗೋಡೆಯಲ್ಲಿ, ಒಂದು ಲೋಹದ ಪ್ರಿಂಟ್, 200 ಡಾಲರ್ ಅಂತ ದೊಡ್ಡದಾಗಿ ಚೀಟಿ. ಅದು ಆ ದಿನ ಮಾರಾಟ ಆಗಬೇಕಿಲ್ಲ. ಅದನ್ನು ನೋಡಿದ ಕಣ್ಣಿಗೆ 40 ದುಬಾರಿ ಅನ್ನಿಸುವುದಿಲ್ಲ. ಇದಕ್ಕಿಂತ ಜಾಸ್ತಿ ಸೈಜು ಇಡಬೇಡಿ. ಸೀರೆ ಅಂಗಡಿಯಲ್ಲಿ ನೂರು ಸೀರೆ ಬಿಚ್ಚಿಸಿ ಏನೂ ತಗೊಳ್ಳದೆ ಎದ್ದು ಬರುತ್ತೇವಲ್ಲ, ಹಾಗಾಗುತ್ತದೆ.

ಸಂಜೆ ಆದ ಮೇಲೆ ಬೆಲೆ ಇಳಿಸಬೇಡಿ. ಈ ಶೋಗಳಿಗೆ ಬರುವ ಜನ ವಾರವಾರವೂ ಅವರೇ. ‘ಮೂರು ಗಂಟೆಗೆ ಬಾ, ಅರ್ಧಕ್ಕೆ ಕೊಡ್ತಾಳೆ’ ಅಂತ ಒಮ್ಮೆ ಹಬ್ಬಿದರೆ ಮುಗಿಯಿತು. ಚೌಕಾಸಿ ಮಾಡುವವರಿಗೆ ‘ಎರಡು ತಗೊಳ್ಳಿ, 35ಕ್ಕೆ ಕೊಡ್ತೀನಿ’ ಅನ್ನಿ. ನಿಮಗೂ ನಷ್ಟವಿಲ್ಲ, ಅವರಿಗೂ ಗೆದ್ದ ಖುಷಿ.

ಮಾಲೀಕರ ರೇಟು ಬೇರೆ ಅಂದೆನಲ್ಲ. ಅವರಿಗೆ ಟೇಬಲ್ ಮೇಲಿನ ಬೋರ್ಡ್ ಸಾಲದು. ಬೆಳಗ್ಗೆ ಅವರ ಕಾರು ತೆಗೆಯುವಾಗಲೇ ಮಾತಾಡಿಸಿ. ಯಾವ ವರ್ಷದ್ದು, ಯಾರು ಪೇಂಟ್ ಮಾಡಿದ್ದು ಅಂತ ಕೇಳಿ, ಸ್ಟಾಲಿನ ನಂಬರ್ ಬರೆದ ಕಾರ್ಡ್ ಕೊಡಿ. ಮಧ್ಯಾಹ್ನ ಅವರೇ ಬರುತ್ತಾರೆ. ಟ್ಯಾಬ್ಲೆಟ್‌ನಲ್ಲಿ ನಾಲ್ಕೈದು ಫೋಟೋ ತೋರಿಸಿ, ನಲವತ್ತು ತೋರಿಸಬೇಡಿ. ಒಮ್ಮೆ ಹೀಗೆ ಬಂದ ಹಿರಿಯರೊಬ್ಬರು ಪೂರ್ತಿ ಕಾರಿನ ಚಿತ್ರಗಳನ್ನೆಲ್ಲ ಬೆರಳಲ್ಲಿ ಸರಿಸಿ ಸರಿಸಿ ಬಿಟ್ಟರು. ಕೊನೆಗೆ ಡ್ಯಾಶ್‌ಬೋರ್ಡಿನ ಫೋಟೋ ಮೇಲೆ ಬೆರಳು ನಿಂತಿತು. ಗಡಿಯಾರದ ಪಕ್ಕದಲ್ಲಿ ಒಂದು ಸಣ್ಣ ಬಿರುಕು. ‘ಅದು ನನ್ನ ಹೆಂಡತಿ ಉಂಗುರ ತಾಗಿಸಿದ್ದು. ರಿಪೇರಿ ಮಾಡಿಸಿಲ್ಲ’ ಅಂದರು. ಅಂಗೈ ಎರಡನ್ನೂ ಗಾಳಿಯಲ್ಲಿ ಅಗಲಿಸಿ ಇಷ್ಟು ದೊಡ್ಡದು ಬೇಕು ಅಂತ ತೋರಿಸಿದರು. ಟೇಪ್ ಹಿಡಿದು ನೋಡಿದರೆ ಎರಡಡಿ. ಬೆಲೆ ಕೇಳಿದ್ದು ಅಡ್ರೆಸ್ ಬರೆಸಿದ ಮೇಲೆ. ಮಾಲೀಕರ ಫೋಟೋ ಸರಿಮಾಡುವಾಗ ಗೀರು, ಕಲೆ ಅಂತ ಅಳಿಸುವ ಮೊದಲು ಕೇಳಿ ಅನ್ನುವುದು ಇದಕ್ಕೇ.

ಅವರಿಗೆ 11×14 ಹಾಳೆ 60, 16×20 ಹಾಳೆ 100, 16×24ರ ಲೋಹದ ಪ್ರಿಂಟ್ 225 ಅಂತ ಹೇಳಿ. ಒಬ್ಬರಿಗಾಗಿಯೇ ಕೂತು ಸರಿಮಾಡುತ್ತೀರಿ, ಒಂದೇ ಪ್ರತಿ ಮಾಡಿಸುತ್ತೀರಿ. ಜಾಸ್ತಿ ಕೇಳಲು ಸಂಕೋಚ ಬೇಡ. ಪ್ರಿಂಟ್ ಕೊಂಡವರಿಗೆ ಫೇಸ್‌ಬುಕ್ಕಿಗೆ ಆಗುವಷ್ಟು ಸಣ್ಣ ಫೈಲನ್ನು ಪುಕ್ಕಟೆ ಕಳಿಸಿ, ಮೂಲೆಯಲ್ಲಿ ನಿಮ್ಮ ಹೆಸರಿರಲಿ. ದೊಡ್ಡ ಫೈಲನ್ನು ಮಾತ್ರ ಐದು ಹತ್ತು ಡಾಲರಿಗೆ ಮಾರಬೇಡಿ. ಅದು ಕೈ ಬಿಟ್ಟ ಮೇಲೆ ಪ್ರಿಂಟಿನ ಮಾತು ಮುಗಿದಂತೆ. ಕೇಳಿಯೇ ಕೇಳಿದರೆ ದೊಡ್ಡ ಪ್ರಿಂಟಿನಷ್ಟೇ ಬೆಲೆ ಹೇಳಿ.

ಈ ಲೋಹದ ಪ್ರಿಂಟ್ ಬಗ್ಗೆ ಎರಡು ಮಾತು. ಅಲ್ಯೂಮಿನಿಯಂ ಹಾಳೆಯ ಮೇಲಿನ ಲೇಪಕ್ಕೆ ಬಿಸಿಯಲ್ಲಿ ಬಣ್ಣ ಇಳಿಸಿ ಮಾಡುವಂಥದ್ದು. ಕ್ರೋಮ್ ಬಂಪರ್, ಮೆಟಾಲಿಕ್ ಪೇಂಟ್ ಇದರ ಮೇಲೆ ಕಾಣುವ ಹಾಗೆ ಕಾಗದದ ಮೇಲೆ ಕಾಣುವುದಿಲ್ಲ. ಇನ್ನೊಂದು ಕಾರಣವೂ ಇದೆ. ಮಾಲೀಕರು ಫೋಟೋ ಹಾಕುವುದು ಹಾಲ್‌ನಲ್ಲಿ ಅಲ್ಲ, ಗ್ಯಾರೇಜಿನಲ್ಲಿ. ಅಲ್ಲಿ ಧೂಳು, ತೇವ, ಆಯಿಲ್ ಕೈ. ಲೋಹದ್ದನ್ನು ಒರೆಸಿದರೆ ಆಯಿತು, ಗಾಜೂ ಬೇಡ ಫ್ರೇಮೂ ಬೇಡ. ಕಾಗದದ ಪ್ರಿಂಟಿಗೆ ಲಸ್ಟರ್ ಫಿನಿಶ್, ಅಂದರೆ ಅರೆ ಹೊಳಪಿನ ಕಾಗದ ಸಾಕು. ಗ್ಲಾಸಿ ಪೇಪರನ್ನು ಮಿನುಗುವ ಕವರಿಗೆ ಹಾಕಿ ಬಿಸಿಲಿಗೆ ಇಟ್ಟರೆ ಗಿರಾಕಿಗೆ ಕಾಣುವುದು ಅವರದೇ ಮುಖ.

ಕೆಂಪು ಕಾರುಗಳ ಬಗ್ಗೆ ಎಚ್ಚರ. ಪರದೆಯ ಮೇಲೆ ಕೆಂಡದ ಹಾಗೆ ಕಾಣುವ ಕೆಂಪು ಪ್ರಿಂಟಿನಲ್ಲಿ ಬಾಗು ಉಬ್ಬು ಏನೂ ಇಲ್ಲದೆ ಬಳಿದ ಬಣ್ಣದ ಹಾಗೆ ಬರುತ್ತದೆ. ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ ಸ್ವಲ್ಪ ಇಳಿಸಿ, ಲ್ಯಾಬಿಗೆ ಫೈಲನ್ನು ಎಸ್‌ಆರ್‌ಜಿಬಿ ಅನ್ನುವ ಬಣ್ಣದ ಸೆಟ್ಟಿಂಗಿನಲ್ಲಿ ಕಳಿಸಿ. ಟೆಂಟಿನ ನೆರಳಿನಲ್ಲಿ ಪ್ರಿಂಟ್ ಮನೆಯಲ್ಲಿ ಕಂಡದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ, ಅದಕ್ಕೂ ಒಂಚೂರು ಬೆಳಕು ಹೆಚ್ಚಿಸಿ. ಐವತ್ತು ಮಾಡಿಸುವ ಮೊದಲು ಒಂದೇ ಒಂದು ಪ್ರಿಂಟ್ ತರಿಸಿ ನೋಡಿ.

ಎಷ್ಟು ಸ್ಟಾಕ್ ಇಡಬೇಕು? ಒಂದೊಂದು ಚಿತ್ರದ್ದು 8×10 ಎರಡು, 11×14 ಒಂದು ಸಾಕು. 16×20 ನಾಲ್ಕೈದು ಚಿತ್ರದ್ದು ಮಾತ್ರ ಇಡಿ, ಉಳಿದದ್ದು ಆರ್ಡರ್ ಮೇಲೆ, ಮನೆಗೆ ಪೋಸ್ಟ್. ದಿನವಿಡೀ ಬಿಸಿಲಲ್ಲಿ ನಡೆಯುವವರು ದೊಡ್ಡ ಹಾಳೆ ಹಿಡಿದುಕೊಂಡು ಓಡಾಡುವುದಿಲ್ಲ. ‘ಹೋಗುವಾಗ ತಗೊಳ್ತೀನಿ’ ಅಂದವರು ಇನ್ನೊಂದು ಗೇಟಿನಿಂದ ಹೋಗಿರುತ್ತಾರೆ. ದುಡ್ಡು ಪಡೆದು, ಹೆಸರು ಬರೆದು, ‘ಹೋಗುವಾಗ ಒಯ್ಯಿರಿ’ ಅಂತ ನೀವೇ ಇಟ್ಟುಕೊಳ್ಳಿ. ಬಾಕ್ಸಿನಲ್ಲಿ ಪ್ರಿಂಟುಗಳನ್ನು ಕಂಪನಿಯ ಹೆಸರಿನ ಪ್ರಕಾರ ಜೋಡಿಸಿ: ಫೋರ್ಡ್, ಶೆವರ್ಲೆ, ಕ್ರೈಸ್ಲರ್ ಬಳಗ. ಇಲ್ಲಿ ಯಾರೂ ‘ಒಳ್ಳೆ ಫೋಟೋ ಇದೆಯಾ’ ಅಂತ ಕೇಳುವುದಿಲ್ಲ, ‘ಶೆವಿ ಇದೆಯಾ’ ಅಂತ ಕೇಳುತ್ತಾರೆ. ಫೋರ್ಡ್ ಮನೆತನದವರು ಶೆವರ್ಲೆ ಬಾಕ್ಸಿಗೆ ಕೈಯನ್ನೂ ಹಾಕುವುದಿಲ್ಲ. ಊರಿಗೆ ತಕ್ಕ ಹಾಗೆ ಸ್ಟಾಕ್ ಬದಲಿಸಿ. ಡಿಯರ್‌ಬಾರ್ನ್ ಕಡೆ ಫೋರ್ಡ್, ಫ್ಲಿಂಟ್ ಕಡೆ ಬ್ಯೂಕ್ ಮತ್ತು ಶೆವರ್ಲೆ, ಲ್ಯಾನ್ಸಿಂಗ್‌ಗೆ ಹೋದರೆ ಓಲ್ಡ್ಸ್‌ಮೊಬೈಲ್ ಮುಂದೆ ಇರಲಿ.

ಬೆಂಗಳೂರಿನ ಸೂಟ್‌ಕೇಸ್ ಯೋಚನೆ ಬಿಡಿ. ಪ್ರಿಂಟ್ ಅಲ್ಲಿ ಅಗ್ಗ, ನಿಜ. ಆದರೆ ಮಾರಲು ತರುವ ಸಾಮಾನನ್ನು ಇಲ್ಲಿ ಇಳಿದಾಗ ಕಸ್ಟಮ್ಸ್‌ನಲ್ಲಿ ಹೇಳಲೇಬೇಕು. ಇಎಡಿ ಹಿಡಿದುಕೊಂಡು ಇರುವವರು ಅದರಲ್ಲಿ ಆಟ ಆಡಬಾರದು. ನಮ್ಮ ಲ್ಯಾಬುಗಳಲ್ಲಿ ಸಲೀಸಾಗಿ ಸಿಗುವ 12×18, ಎ3 ಹಾಳೆಗೆ ಇಲ್ಲಿನ ಅಂಗಡಿ ಫ್ರೇಮೂ ಸಿಗುವುದು ಕಷ್ಟ. ಎಲ್ಲಕ್ಕಿಂತ ಮುಖ್ಯ, ಶನಿವಾರ ಖಾಲಿಯಾದ ಮಸ್ಟಾಂಗ್ ಮುಂದಿನ ಶನಿವಾರಕ್ಕೆ ಮತ್ತೆ ಬೇಕು. ಅದಕ್ಕೆ ಇಲ್ಲಿನ ಲ್ಯಾಬೇ ಆಗಬೇಕು.

ಕಾಗದಪತ್ರದ ವಿಷಯಕ್ಕೆ ಬಂದರೆ, ಎಚ್-4 ಇಎಡಿ ಇರುವಾಗ ಸ್ವಂತ ವ್ಯಾಪಾರ ಮಾಡಬಹುದು. ಕಾರ್ಡಿನ ಅವಧಿ ಮುಗಿದ ದಿನ ಅಂಗಡಿಯೂ ಮುಚ್ಚಬೇಕು. ನಿಮ್ಮ ಯಜಮಾನರ ವಿಷಯ ಬೇರೆ. ಎಚ್-1ಬಿಯವರು ತಮ್ಮನ್ನು ಕರೆಸಿಕೊಂಡ ಕಂಪನಿಗೆ ಮಾತ್ರ ಕೆಲಸ ಮಾಡಬಹುದು. ಅವರು ಸ್ಟಾಲಿನಲ್ಲಿ ಕೂತು ಬಿಲ್ ಹಾಕುವುದು ಬೇಡ, ವ್ಯಾಪಾರವೂ ಅವರ ಹೆಸರಿನಲ್ಲಿ ಬೇಡ. ಎಷ್ಟರಮಟ್ಟಿಗೆ ಕೈಜೋಡಿಸಬಹುದು ಅಂತ ಒಮ್ಮೆ ವಲಸೆ ವಕೀಲರನ್ನು ಕೇಳಿಬಿಡಿ. ಆ ಫೀಸು ಖಂಡಿತ ದಂಡವಲ್ಲ. ಮಾರಾಟ ತೆರಿಗೆಗೆ ರಾಜ್ಯದ ಖಜಾನೆ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಿ. ವರ್ಷಕ್ಕೆ ಒಂದೆರಡು ಶೋ ಮಾತ್ರ ಮಾಡುವವರಿಗೆ ಬೇರೆ ಸರಳ ಫಾರಂ ಇದೆ. ಖರ್ಚೆಲ್ಲ ಕಳೆದು ವರ್ಷಕ್ಕೆ 400 ಡಾಲರ್ ಅಥವಾ ಹೆಚ್ಚು ಉಳಿದರೆ ಸ್ವಯಂ ಉದ್ಯೋಗ ತೆರಿಗೆಯೂ ಬರುತ್ತದೆ, 15.3 ಶೇಕಡಾ. ಮೇಲೆ ಹೇಳಿದ ಬೆಲೆಗಳು ಹೆಚ್ಚು ಅನ್ನಿಸಿದ್ದರೆ ಈ ಅಂಕಿ ಇನ್ನೊಮ್ಮೆ ನೋಡಿ. ಟೆಂಟಿನ ಮೇಲೆ ಫೋರ್ಡ್, ಶೆವರ್ಲೆ ಲೋಗೋ ಹಾಕಬೇಡಿ, ಕಂಪನಿಯವರೇ ನೀವು ಅನ್ನುವ ಹಾಗೆ ಕಾಣಬಾರದು. ಮ್ಯೂಸಿಯಂ ಆವರಣದಲ್ಲಿ ನಡೆಯುವ ಶೋ ಆದರೆ ಅಲ್ಲಿ ತೆಗೆದ ಫೋಟೋ ಮಾರುವುದಕ್ಕೆ ಅವರ ನಿಯಮ ಏನಿದೆ ಅಂತ ಮೊದಲೇ ಓದಿಕೊಳ್ಳಿ. ಹಲವು ಕಡೆ ವಿಮೆಯ ಪತ್ರವನ್ನೂ ಕೇಳುತ್ತಾರೆ.

ಮೊದಲ ಶೋ ಯಾವುದು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಡೆಟ್ರಾಯ್ಟ್ ಕಡೆಯ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳು ಸಾಲಾಗಿ ಓಡುವ ವುಡ್‌ವರ್ಡ್ ಡ್ರೀಮ್ ಕ್ರೂಸ್‌ನಿಂದ ಶುರು ಮಾಡಬೇಡಿ. 1995ರಿಂದ ನಡೆಯುತ್ತಿರುವ, ಆಗಸ್ಟ್ ತಿಂಗಳ ಮೂರನೇ ಶನಿವಾರದ ಆ ಜಾತ್ರೆಗೆ ಜನ ಸಾಗರ ಬರುತ್ತದೆ. ಆದರೆ ಅಲ್ಲಿ ಕಾರುಗಳು ಓಡುತ್ತಿರುತ್ತವೆ, ಜನರ ಕಣ್ಣು ರಸ್ತೆಯ ಮೇಲೆ, ನಿಮ್ಮ ಟೇಬಲ್ ಬೆನ್ನ ಹಿಂದೆ. ರಸ್ತೆ ಹಲವು ಊರುಗಳನ್ನು ಹಾದುಹೋಗುವುದರಿಂದ ಯಾವ ಊರಿನಲ್ಲಿ ಕೂರುತ್ತೀರೋ ಅಲ್ಲಿನ ಅನುಮತಿಯನ್ನೂ ವಿಚಾರಿಸಬೇಕು. ಡಿಯರ್‌ಬಾರ್ನ್‌ನ ಗ್ರೀನ್‌ಫೀಲ್ಡ್ ವಿಲೇಜ್ ಅನ್ನುವ ಬಯಲು ಮ್ಯೂಸಿಯಂನಲ್ಲಿ ಜೂನ್‌ನಲ್ಲಿ ಅಪ್ಪಂದಿರ ದಿನದ ವಾರಾಂತ್ಯಕ್ಕೆ ಮೋಟಾರ್ ಮಸ್ಟರ್ ಅನ್ನುವ ಶೋ ನಡೆಯುತ್ತದೆ, 1933ರಿಂದ 1976ರವರೆಗಿನ ಗಾಡಿಗಳು. ಮಾರಲು ಅಲ್ಲ, ಸುಮ್ನೆ ಟಿಕೆಟ್ ತೆಗೆದುಕೊಂಡು ಹೋಗಿ. ಯಾವ ಕಾರಿನ ಮುಂದೆ ಜನ ಜಾಸ್ತಿ ಹೊತ್ತು ನಿಲ್ಲುತ್ತಾರೆ, ಮಕ್ಕಳನ್ನು ಕರೆದು ಯಾವುದನ್ನು ತೋರಿಸುತ್ತಾರೆ ಅಂತ ನೋಡಿ ಬರೆದುಕೊಳ್ಳಿ. ಸ್ಟಾಲಿಗೆ ನಿಮ್ಮ ಹತ್ತಿರದ ಚರ್ಚು, ಶಾಲೆ ಮೈದಾನದಲ್ಲಿ ಕಾರ್ ಕ್ಲಬ್ಬುಗಳು ನಡೆಸುವ ಸಣ್ಣ ಶೋ ಆರಿಸಿಕೊಳ್ಳಿ. ಬಾಡಿಗೆ ಕಡಿಮೆ, ಕಾರುಗಳು ನಿಂತಿರುತ್ತವೆ, ಮಾಲೀಕರು ದಿನವಿಡೀ ಕಾರಿನ ಪಕ್ಕದಲ್ಲೇ ಕೂತಿರುತ್ತಾರೆ. ಟೆಂಟಿನ ನಾಲ್ಕೂ ಕಾಲಿಗೆ ತೂಕ ಕಟ್ಟಲು ಮರೆಯಬೇಡಿ, ಒಂದೊಂದಕ್ಕೆ 40 ಪೌಂಡ್ ಆದರೂ ಇರಲಿ. ಗಾಳಿ ಬಂದು ನಿಮ್ಮ ಟೆಂಟ್ ಹಾರಿ ಪಕ್ಕದ ಕಾರ್ವೆಟ್ ಮೇಲೆ ಬಿದ್ದರೆ, ಎಷ್ಟು ಪ್ರಿಂಟ್ ಮಾರಿದರೂ ಆ ಪೇಂಟಿನ ದುಡ್ಡು ಹುಟ್ಟುವುದಿಲ್ಲ.